ಎಡಗೈ ಕುಡಗೋಲು

ಅವಳ ಬಲಗೈಗೆ ಎರಡೇ ಬೆರಳಿನ ಒಂದು ಕರಿಯ ಕೈಗವಸು ಇರುತ್ತಿತ್ತು. ಕಿರುಬೆರಳು ಮತ್ತು ಉಂಗುರದ ಬೆರಳು, ಇವೆರಡಕ್ಕೆ ಮಾತ್ರ ವಸ್ತ್ರಯೋಗ. ಉಳಿದ ಮೂರೂ ಬಯಲಿನಲ್ಲಿ. ಮಣಿಕಟ್ಟಿನ ಹತ್ತಿರ ಒಂದು ಟಿಚ್ ಬಟನ್. ನಮ್ಮ ಮಹಡಿಯ ಕೋಣೆಗೆ ಬಾಡಿಗೆಗೆ ಬಂದ ಮೂರನೆಯ ದಿನ ಆ ಕೈಯಲ್ಲೇ ನೀರಿನ ಕೊಡ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ನನ್ನ ಹೆಂಡತಿ ಅದನ್ನು ಕಂಡು, ಹುಡುಗಿ ಕೈ ಸುಟ್ಟುಕೊಂಡಿದ್ದಾಳೆಂದು ತೀರ್ಮಾನಿಸಿ, ಬಟ್ಟಲಲ್ಲಿ ಕೊಬ್ಬರಿ ಎಣ್ಣೆ ತೆಗೆದುಕೊಂಡು ಹಿಂದೆಯೇ ಹೋದಳು.

"ಸುಟ್ಟಿಲ್ರಿ ಕಾಕು. ಚಿತ್ರ ಬರಿಯಾಗ ಕೈ ಗಾಜಿನ ಮ್ಯಾಲೆ ಜಾರಬೇಕ್ರಿ. ಅದಕ್ಕ ಲೈನಿಂಗ್ ಬಟ್ಟಿ ತಗೊಂಡು ನಾನಽ ಹೊಲ್ಕೊಂಡೇನಿ."

"ಚಿತ್ರ ಬರಿಯಾಕ ಗಾಜು ಯಾಕ ಯವ್ವಾ? ಪ್ಯಾಟ್ಯಾಗ ಕಾಗದ ತೀರಿ ಹೋಗ್ಯಾವೇನು?"

ಹೆಂಡತಿ ಕೆಳಗೆ ಬಂದು ಈ ವರದಿ ಸಲ್ಲಿಸಿದಳು. ನಾನು ಮೂವತ್ತನಾಲ್ಕು ವರ್ಷ ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆದು ನಿವೃತ್ತನಾದವನು. ಹೊಲದ ಬಾಂದು, ಹಳ್ಳ, ಬಂಡಿದಾರಿ ಇವುಗಳನ್ನು ಕಾಗದದ ಮೇಲೆ ಶಿಸ್ತಾಗಿ ಕೂರಿಸುವುದು ನನ್ನ ಉದ್ಯೋಗವಾಗಿತ್ತು. ಉತ್ತರ ದಿಕ್ಕನ್ನು ಸದಾ ಮೇಲಕ್ಕಿಟ್ಟುಕೊಂಡು ಬದುಕಿದ್ದೆ. ಗಾಜಿನ ಮೇಲೆ ಚಿತ್ರ ಬರೆಯುವ ವ್ಯಕ್ತಿಯೊಬ್ಬರು ನನ್ನದೇ ಮಾಳಿಗೆಯ ಮೇಲೆ ವಾಸವಾಗಿರುವಾಗ ಸುಮ್ಮನೆ ಕೂರುವುದು ಇಲಾಖೆಯ ಮರ್ಯಾದೆಗೆ ತಕ್ಕದ್ದಲ್ಲವೆಂದು ಭಾವಿಸಿ, ಮರುದಿನ ಮಧ್ಯಾಹ್ನ ಕನ್ನಡಕ ಒರೆಸಿಕೊಂಡು ಸ್ಥಳ ಪರಿಶೀಲನೆಗೆ ಹೊರಟೆ.

ಕಿಟಕಿಗೆ ಪರದೆ ಎಳೆದಿತ್ತು. ಮೇಜಿನ ಮೇಲೆ ಲ್ಯಾಪ್‌ಟಾಪು, ಅದರ ಮುಂದೆ ಪಾಟಿಯಂಥ ಒಂದು ಕರಿಯ ಗಾಜು. ಅವಳು ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ನಿಬ್ಬಿಲ್ಲದ ಪೆನ್ನಿನಿಂದ ಬರೆಯುತ್ತಿದ್ದಳು. ಗೋಡೆಯ ತುಂಬ ಫೋಟೋ ಅಂಟಿಸಿದ್ದಳು. ಒಂದರಲ್ಲೂ ಮುಖವಿಲ್ಲ. ಮೊಣಕೈ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಸವೆದ ಚಪ್ಪಲಿ, ಕೊಡದ ಕಂಠ ಹಿಡಿದ ಬೆರಳು.

"ಇವರ ಮಾರಿ ಎಲ್ಲಿ?" ಎಂದು ಕೇಳಿದೆ.

"ಮಾರಿ ಕಡೀಕ್ರಿ ಕಾಕಾ. ಮೊದಲ ಅವರ ಕೈಯಾಗ ಏನೈತಿ ಅಂತ ಗೊತ್ತಾಗಬೇಕು."

ಚಿತ್ರಕಲಾ ಕಾಲೇಜಿನ ಕೊನೆಯ ವರ್ಷದಲ್ಲಿದ್ದಳು. ಆಟಗಳಿಗೂ ಸಿನೆಮಾಗಳಿಗೂ ಬೇಕಾಗುವ ಪಾತ್ರಗಳನ್ನು, ಆ ಪಾತ್ರಗಳು ಬದುಕುವ ಊರು ಕೆರೆ ಬೆಟ್ಟಗಳನ್ನು ಕಂಪ್ಯೂಟರಿನಲ್ಲಿ ಬರೆಯುವುದು ಅವಳ ವಿದ್ಯೆ. ಮೊದಲು ಅಂಚೆಚೀಟಿಯಷ್ಟು ಸಣ್ಣ ಇಪ್ಪತ್ತು ಚೌಕ ಹಾಕಿಕೊಳ್ಳುತ್ತಿದ್ದಳು. ಪ್ರತಿಯೊಂದರಲ್ಲಿ ಕಪ್ಪು, ಬೂದಿ, ಬಿಳಿ, ಇಷ್ಟೇ. ಅದರಲ್ಲಿ ಹದಿನೆಂಟನ್ನು ಒಗೆಯುತ್ತಿದ್ದಳು. ಅಷ್ಟು ಸಣ್ಣದರಲ್ಲಿ ಏನು ಕಂಡೀತೆಂದು ಕೇಳಿದರೆ, "ಸಣ್ಣದಿದ್ದಾಗ ಚಂದ ಕಾಣಲಿಲ್ಲ ಅಂದ್ರ, ದೊಡ್ಡದ ಮಾಡಿದ್ರ ಬರೇ ದೊಡ್ಡ ಹೊಲಸ ಆಕ್ಕೈತ್ರಿ" ಎಂದಳು.

ನನಗೆ ತಡೆಯಲಾಗದೆ ಹೋದದ್ದು ಬೇರೆ ಒಂದು ವಿಷಯ. ಅವಳೊಂದು ಗೆರೆ ಎಳೆದಳು, ಮೆಚ್ಚಲಿಲ್ಲ. ಎಡಗೈಯ ಎರಡು ಬೆರಳು ಕೀಲಿಮಣೆಯ ಮೇಲೆ ಅಲ್ಲಾಡಿದವು. ಗೆರೆ ಹುಟ್ಟಿಯೇ ಇರಲಿಲ್ಲವೆಂಬಂತೆ ಮಾಯವಾಯಿತು. ನಮ್ಮ ಕಾಲದಲ್ಲಿ ಟ್ರೇಸಿಂಗ್ ಬಟ್ಟೆಯ ಮೇಲೆ ಶಾಯಿಯ ಗೆರೆ ತಪ್ಪಿದರೆ ಅರ್ಧ ಬ್ಲೇಡು ಹಿಡಿದು, ಉಸಿರು ಬಿಗಿಹಿಡಿದು ಕೆರೆಯಬೇಕಿತ್ತು. ಆಮೇಲೆ ಮೇಲಧಿಕಾರಿಗಳು ಹಾಳೆಯನ್ನು ಬೆಳಕಿಗೆ ಹಿಡಿದು ಗಾಯ ಹುಡುಕುತ್ತಿದ್ದರು. ತಪ್ಪಿಗೆ ಗುರುತೇ ಉಳಿಯದ ಕಸುಬು ಒಂದು ಕಸುಬೇ ಎಂದು ನಾನು ಸಾಕಷ್ಟು ದೀರ್ಘವಾಗಿಯೇ ಕೇಳಿದೆ.

ಅವಳು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡಳು. "ತಪ್ಪ ಅಳಸೂದು ಹಗರ ಐತ್ರಿ ಕಾಕಾ. ಯಾವುದು ತಪ್ಪು ಅಂತ ತಿಳಿಯೂದಽ ಕಠಿಣ."

ಅವಳ ಚಿತ್ರ ಒಂದೇ ಹಾಳೆಯಲ್ಲಿ ಇರುತ್ತಿರಲಿಲ್ಲ, ಪದರು ಪದರಾಗಿತ್ತು. ಹಿಂದಿನ ಬೆಟ್ಟ ಒಂದು ಪದರಿನಲ್ಲಿ, ನೀರು ಇನ್ನೊಂದರಲ್ಲಿ, ಮನುಷ್ಯ ಮತ್ತೊಂದರಲ್ಲಿ. ಇದನ್ನು ಕಂಡಾಗ ನನಗೆ ಸಮಾಧಾನವಾಯಿತು. ನಾವೂ ರಸ್ತೆಗೊಂದು, ಹಳ್ಳಕ್ಕೊಂದು ಟ್ರೇಸಿಂಗ್ ಮಾಡಿ ಒಂದರ ಮೇಲೊಂದು ಹಾಸುತ್ತಿದ್ದೆವು. "ಇದು ನಮ್ಮ ಇಲಾಖೆಯ ಪದ್ಧತಿ" ಎಂದು ಘೋಷಿಸಿದೆ. "ಹೌದ್ರಿ, ನಿಮ್ಮಲ್ಲಿಂದಽ ತಗೊಂಡಿರಬೇಕು" ಎಂದು ಅವಳು ಅಷ್ಟೇ ಗಂಭೀರವಾಗಿ ಒಪ್ಪಿದಳು. ಆ ದಿನದಿಂದ ನಮಗೆ ಸ್ನೇಹವಾಯಿತು.

ಇನ್ನೊಂದು ರೂಢಿಯಿತ್ತು. ಹತ್ತು ನಿಮಿಷಕ್ಕೊಮ್ಮೆ ಒಂದು ಕೀಲಿ ಒತ್ತಿ ಇಡೀ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಹೊರಳಿಸಿಬಿಡುತ್ತಿದ್ದಳು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. "ನೋಡಿ ನೋಡಿ ಕಣ್ಣು ರೂಢಿಗೆ ಬಿದ್ದಿರತೈತ್ರಿ. ಹೊಳ್ಳಿಸಿದ್ರ ಸೊಟ್ಟ ಎಲ್ಲೈತಿ ತಟ್ಟನ ಕಾಣತೈತಿ." ಸೊಟ್ಟ ತಿದ್ದಿ, ಮತ್ತೆ ಕೀಲಿ ಒತ್ತಿ, ಚಿತ್ರವನ್ನು ಮೊದಲಿನಂತೆ ಮಾಡುವಳು.

ಒಮ್ಮೆ ಬರೀ ಕರಿಯ ಆಕಾರವೊಂದನ್ನು ಬರೆದು ನನ್ನ ಹೆಂಡತಿಗೆ ತೋರಿಸಿದಳು. ಕಣ್ಣಿಲ್ಲ, ಮೂಗಿಲ್ಲ, ಮಸಿ ಚೆಲ್ಲಿದಂತಿತ್ತು. ನನ್ನ ಹೆಂಡತಿ ಅರೆಗಳಿಗೆಯೂ ಯೋಚಿಸದೆ, "ಇವರಽ ಅಲ್ಲ? ಮತ್ಯಾರು ಬಿಸಿಲಾಗ ಛತ್ರಿ ಮಡಚಿ ಬಗಲಾಗ ಇಟಗೊಂಡು ಹೊಂಟಾರು" ಎಂದಳು. ನೆರಳು ನೋಡಿದರೆ ಇಂಥವರೆಂದು ಗೊತ್ತಾಗಬೇಕು, ಆಮೇಲೆ ಕಣ್ಣು ಮೂಗು ಎಂಬುದು ಅವಳ ನಿಯಮ. ನನ್ನ ಮಟ್ಟಿಗೆ ನಿಯಮ ಪಾಲನೆಯಾಗಿತ್ತು.

ಅವಳ ತಂದೆ, ಅವಳ ಬಾಯಲ್ಲಿ ಅಬ್ಬಾ, ಟಿಕೋಟಾದಲ್ಲಿ ಟೇಲರ್. ವರ್ಷದ ಕೊನೆಗೆ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಚಿತ್ರ ಗೋಡೆಗೆ ತೂಗುಹಾಕುತ್ತಾರೆ, ಹೊರಗಿನಿಂದ ಪರೀಕ್ಷಕರು ಬಂದು ನೋಡುತ್ತಾರೆ. ಅದಾದ ಮೇಲೆ ಬೇರೆ ಊರಿಗೆ ಹೋಗಿ ಇನ್ನೆರಡು ವರ್ಷ ಇದನ್ನೇ ಓದಬೇಕೆಂಬುದು ಅವಳ ಆಸೆ.

"ಅಬ್ಬಾ ಬ್ಯಾಡ ಅಂದಿಲ್ರಿ. ಅವರ ಕಣ್ಣು ಮಂಜಾಗ್ಯಾವು, ಸೂಜಿಗೆ ದಾರ ನಾನಽ ಪೋಣಿಸಿ ಕೊಡಬೇಕು. ಪರೀಕ್ಷಕರು ಫಸ್ಟ್ ಕ್ಲಾಸ್ ಕೊಟ್ರ ಹೋಗು ಅಂದಾರ. ಇಲ್ಲಂದ್ರ ಅಂಗಡಿ." ಅಂಗಡಿ ಎಂಬುದನ್ನು, ಬಸ್ಸಿನಲ್ಲಿ ಕುಳಿತವರು ಮುಂದಿನ ಸ್ಟಾಪಿನ ಹೆಸರು ಹೇಳುವಂತೆ ಹೇಳಿದಳು.

ಗೋಡೆಗೆ ಹಾಕಲು ಅವಳು ಒಂದು ಕಥೆ ಕಟ್ಟಿಕೊಂಡಿದ್ದಳು. ಒಂದು ಕೆರೆ. ಅದರ ತಳದಲ್ಲಿ ಒಂದು ಊರು ಮಲಗಿದೆ. ದಂಡೆಯ ಜೊಂಡುಹುಲ್ಲು ಬೆಳೆದು ನೀರನ್ನು ಮುಚ್ಚಿಬಿಟ್ಟರೆ ಮಲಗಿದವರಿಗೆ ಉಸಿರು ಕಟ್ಟುತ್ತದೆ. ಅದಕ್ಕೆ ಒಬ್ಬ ಮುದುಕಿ ದಿನಾ ಬಂದು ಹುಲ್ಲು ಕೊಯ್ಯುತ್ತಾಳೆ. ಮುದುಕಿಯ ದೊಡ್ಡ ಚಿತ್ರ ಒಂದು, ಊರು ಕೆರೆಗಳ ಸಣ್ಣ ಚಿತ್ರ ಐದು. ಗೋಳಗುಮ್ಮಟ ಎಲ್ಲಿ ಬರುತ್ತದೆ ಎಂದು ವಿಜಯಪುರದ ಪ್ರಜೆಯಾಗಿ ವಿಚಾರಿಸಿದೆ. "ಬರಾಂಗಿಲ್ರಿ. ಎಲ್ಲಾರೂ ಬರದು ಬರದು ಅದರ ಮಾರಿ ಸವದು ಹೋಗೈತಿ."

ನೀರಿನೊಳಗಿನ ಬೆಳಕು ಹೇಗಿರುತ್ತದೆಂದು ತಿಳಿಯಲು ಹೊನವಾಡಕ್ಕೆ ಹೋಗಬೇಕೆಂದಳು. ನೀರು ನೋಡಲು ದ್ರಾಕ್ಷಿಯ ಸೀಮೆಗೇಕೆ ಎಂಬ ಕುತೂಹಲಕ್ಕೇ ನಾನೂ ಬಸ್ಸು ಹತ್ತಿದೆ. ಅವಳು ಕರೆದೊಯ್ದದ್ದು ಒಣದ್ರಾಕ್ಷಿ ಮಾಡುವ ಶೆಡ್ಡಿಗೆ. ಸುತ್ತ ಹಸಿರು ಜಾಲರಿ ಕಟ್ಟಿದ್ದರು, ಅದರೊಳಗೆ ಕೆಲಸದ ಹೆಣ್ಣುಮಕ್ಕಳ ಮುಖ, ಕೈ, ತಟ್ಟೆ, ಹಣ್ಣು ಎಲ್ಲವೂ ತೆಳು ಹಸಿರಾಗಿ, ನಿಜವಾಗಿಯೂ ನೀರಿನ ತಳದಲ್ಲಿ ಓಡಾಡಿದಂತೆ ಕಾಣುತ್ತಿತ್ತು. ಅವಳು ಕ್ರೇಟು ಬೋರಲು ಹಾಕಿಕೊಂಡು ಕುಳಿತು ಒಂದು ತಾಸು ಬರೀ ಬಣ್ಣದ ಚುಕ್ಕೆಗಳನ್ನು ಇಟ್ಟುಕೊಂಡಳು.

"ಏನ ಬರಿಯಾಕತ್ತಾಳ್ರಿ ಅಕ್ಕಾರು?" ಎಂದು ಒಬ್ಬಾಕೆ ನನ್ನನ್ನು ಕೇಳಿದಳು.

"ನೆರಳಿನ ಬಣ್ಣ" ಎಂದೆ.

ಆಕೆ ಸ್ವಲ್ಪ ಹೊತ್ತು ಹುಡುಗಿಯನ್ನೇ ನೋಡಿ, "ಇಷ್ಟ ಮಂದಿ ಮಾರಿ ಬಿಟ್ಟು ಬರೇ ನೆರಳ ಒಯ್ಯಾಕತ್ತಾಳ, ಪಾಪ. ಒಂದ ಬೊಗಸಿ ದ್ರಾಕ್ಷಿನರ ಹಾಕಬೇ ಆಕಿಗೆ" ಎಂದು ಪಕ್ಕದವಳಿಗೆ ಹೇಳಿದಳು. ನೆರಳಿಗಾಗಿ ಹೋದವರು ದ್ರಾಕ್ಷಿ ತಿನ್ನುತ್ತ ಮರಳಿದೆವು.

ಮಮದಾಪುರಕ್ಕೆ ಹೋದದ್ದು ಅದರ ಮುಂದಿನ ವಾರ, ಬಬಲೇಶ್ವರದಲ್ಲಿ ಬಸ್ಸು ಬದಲಿಸಿ. ಅದು ಅವಳ ತಾಯಿಯ ತವರು. ಚಿತ್ರದ ಮುದುಕಿಗೆ ಮೂಲವಾದಾಕೆ ಅಲ್ಲಿಯ ನೆರೆಮನೆಯವಳು, ಊರಿಗೆಲ್ಲ ಆಯಿ. ಎರಡು ಎಮ್ಮೆ ಸಾಕಿದ್ದಳು, ದಿನಾ ಮುಂಜಾನೆ ಕೆರೆಯ ದಂಡೆಯಲ್ಲಿ ಹುಲ್ಲು ಕೊಯ್ಯುತ್ತಿದ್ದಳು. ಏರಿಯ ಮೇಲೆ ನಿಂತರೆ ಎಡಕ್ಕೆ ತೂಬು, ಬಲಕ್ಕೆ ಒಂದು ಮುದಿ ಬೇವಿನ ಮರ, ನಡುವೆ ಈ ಮುದುಕಿ. ಬಿಸಿಲು ತೂಬಿನ ಕಡೆಯಿಂದ ಓರೆಯಾಗಿ ಬೀಳುತ್ತಿತ್ತು. ಹುಡುಗಿ ಮಂಡಿಯೂರಿ ಫೋಟೋ ತೆಗೆದಳು. ಮುದುಕಿಯದಕ್ಕಿಂತ ಕುಡಗೋಲಿನದೇ ಹೆಚ್ಚು.

"ಕಾಕಾ, ಇದನ್ನ ಹಿಡದು ಒಂದು ಹಿಡಿ ಹುಲ್ಲ ಕೊಯ್ರಿ."

ಬಲಗೈಯಲ್ಲಿ ಕುಡಗೋಲು ಹಿಡಿದೆ. ಎಳೆದೆ. ಹುಲ್ಲು ವಿನಯದಿಂದ ಬಾಗಿತು, ತುಂಡಾಗಲಿಲ್ಲ. ಇನ್ನೊಮ್ಮೆ ಎಳೆದೆ.

"ಸಾಹೇಬ್ರು ಹುಲ್ಲಿಗೆ ತಲಿ ಹಿಕ್ಕಾಕತ್ತಾರ" ಎಂದಳು ಆಯಿ. ಆಮೇಲೆ ನನ್ನ ಎಡಗೈಗೆ ಅದನ್ನು ಕೊಟ್ಟು ಎಳೆ ಎಂದಳು. ಸರಕ್ಕನೆ ಕೊಯ್ಯಿತು.

ಎಲ್ಲ ಕುಡಗೋಲಿಗೂ ಒಂದೇ ಮಗ್ಗುಲಿಗೆ ಸಾಣೆ ಹಿಡಿದಿರುತ್ತದಂತೆ, ಬಲಗೈಯವರಿಗೆ ಹೊಂದುವಂತೆ. ಆಯಿ ಹುಟ್ಟಾ ಎಡಗೈಯವಳು. ಮದುವೆಯಾಗಿ ಬಂದ ಹೊಸದರಲ್ಲಿ ಮನೆಯ ಕುಡಗೋಲಿನಿಂದ ಹುಲ್ಲಿಗಿಂತ ಬೆರಳನ್ನೇ ಹೆಚ್ಚು ಕೊಯ್ದುಕೊಂಡಳು. "ಅತ್ತಿ ಅಂದ್ಳು, ಎಡಗೈಲೆ ಕೊಯ್ದ್ರ ಮಂದಿ ನಗತಾರ, ಕೈ ಬದಲ್ ಮಾಡು. ನಾ ನಿಡೋಣಿಗೆ ಹೋಗಿ ಕಂಬಾರನ ಮುಂದ ಕುಂತು ಕುಡಗೋಲಽ ಬದಲ್ ಮಾಡಿಸಿದ್ನಿ. ಸಾಣಿ ಈ ಮಗ್ಗಲಕ್ಕ ಹಿಡಿ ಅಂತ. ಅವನೂ ನಕ್ಕ. ನಕ್ರ ನಗಲಿ. ನಾಲ್ಕು ಕುಡಗೋಲು ಸವದ್ವು, ಕೈ ಇದಽ ಐತಿ."

ಹೊರಡುವಾಗ ಹುಡುಗಿಯ ಗದ್ದ ಹಿಡಿದು, "ನಂದ ಚಿತ್ರ ಅಂದ್ರ ನನಗ ಗುರ್ತ ಸಿಗಬೇಕ ಮತ್ತ" ಎಂದಳು.

"ನಿನಗ ಗುರ್ತ ಸಿಗಲಿಲ್ಲಂದ್ರ ಹರದು ಒಗಿ ಆಯಿ" ಎಂದಳು ಇವಳು.

ಆ ಚಿತ್ರಕ್ಕೆ ಆರು ವಾರ ಹಿಡಿಯಿತು. ನಾನು ಹೆಚ್ಚು ಕಡಿಮೆ ದಿನಾ ಹಾಜರಿ ಹಾಕಿದೆ. ಮೊದಲು ಕರಿಯ ಆಕಾರ: ಬಾಗಿದ ಬೆನ್ನು, ಚಾಚಿದ ಎಡಗೈ, ಅದರ ತುದಿಗೆ ಕುಡಗೋಲು. ಆಮೇಲೆ ಬೂದಿ ಬಣ್ಣದಲ್ಲಿ ಬೆಳಕು ನೆರಳು. ಆಮೇಲೆ ಸೀರೆ. ಸೀರೆಗೇ ಎಂಟು ದಿನ. "ಬಟ್ಟಿ ಎಲ್ಲಿ ಜಗ್ಗತೈತಿ ಅಂತ ತಿಳಿದ್ರ ಒಳಗಿನ ಮೈ ತಾನಽ ತಿಳಿತೈತ್ರಿ. ಅಬ್ಬಾ ಅಳತಿ ತಗೊಳ್ಳುವಾಗ ಹಂಗಽ ಹೇಳತಾರ." ಬಣ್ಣ ಅದಾದ ಮೇಲೆ ಬಂತು, ಹೊನವಾಡದ ಜಾಲರಿಯ ಹಸಿರು ಕೆರೆಯ ನೀರಿನೊಳಗೆ ಇಳಿಯಿತು, ತಳದ ಊರಿನ ಮಾಳಿಗೆಗಳು ಮಸುಕಾಗಿ ಕಂಡವು. ಕುಡಗೋಲಿನ ಅಲಗನ್ನು ನಾಲ್ಕು ಪಟ್ಟು ದೊಡ್ಡದು ಮಾಡಿಕೊಂಡು ಸಾಣೆ ಯಾವ ಮಗ್ಗುಲಿಗಿದೆಯೋ ಅಲ್ಲೇ ಸಣ್ಣ ಹೊಳಪಿಟ್ಟಳು. ಮುಖವನ್ನು ಎಲ್ಲಕ್ಕೂ ಕೊನೆಯಲ್ಲಿ, ಒಂದೇ ಮಧ್ಯಾಹ್ನ ಬರೆದು ಮುಗಿಸಿದಳು.

ಮುದ್ರಣಕ್ಕೆ ಕೊಡುವ ಎರಡು ದಿನ ಮೊದಲು ನಮ್ಮಿಬ್ಬರನ್ನೂ ಮೇಲೆ ಕರೆದಳು. "ನನ್ನ ಕಣ್ಣು ದಣದಾವು. ಏನ ಕಾಣತೈತಿ ಹೇಳ್ರಿ."

ನನ್ನ ಹೆಂಡತಿ ಬಹಳ ಹೊತ್ತು ನೋಡಿ, "ಮುದುಕಿ ಈಗ ಬೈತಾಳ ಅನಸ್ತದ" ಎಂದಳು. ಹುಡುಗಿಗೆ ಖುಷಿಯಾಯಿತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನನ್ನನ್ನೂ ಕೇಳಿದ್ದಳಲ್ಲ. ಮೂವತ್ತನಾಲ್ಕು ವರ್ಷದ ಸೇವೆ ನನ್ನೊಳಗೆ ಎದ್ದು ನಿಂತು ಗಂಟಲು ಸರಿಮಾಡಿಕೊಂಡಿತು.

"ಎಲ್ಲಾ ಛಲೋ ಅದ. ಆದ್ರ ಕುಡಗೋಲು ಎಡಗೈಯಾಗ ಅದ."

"ಆಯಿ ಎಡಗೈಯಾಕಿ ಅಲ್ರಿ ಕಾಕಾ? ನೀವಽ ನೋಡೀರಲ್ಲ."

"ನಾ ನೋಡೀನಿ. ಪರೀಕ್ಷಕರು ನೋಡ್ಯಾರೇನು? ಅವರು ಈ ಕಂಪ್ಯೂಟರ್ ಆಟ ಎಲ್ಲಾ ಬಲ್ಲವರು. ಹುಡುಗಿ ಚಿತ್ರ ಹೊಳ್ಳಿಸ್ಯಾಳ, ತಿರುಗಿ ಸೀದಾ ಮಾಡೂದು ಮರತಾಳ, ಅಂತಾರ. ನಿನ್ನ ಫಸ್ಟ್ ಕ್ಲಾಸ್ ಅಲ್ಲೇ ಹೋತು. ಗೋಡಿಗೆ ತೂಗ ಹಾಕಿದ ಮ್ಯಾಲೆ ಎಷ್ಟ ಮಂದಿಗೆ ಆಯಿ ಕಥಿ ಹೇಳ್ಕೋತ ನಿಂದರತಿ?"

"ಸುಮ್ನಿರ್ರಿ. ಆಕಿ ಚಿತ್ರ ಆಕಿಗೆ ಗೊತ್ತದ" ಎಂದಳು ಹೆಂಡತಿ.

ಹುಡುಗಿ ಕೈಗವಸಿನ ಟಿಚ್ ಬಟನ್ ಬಿಚ್ಚಿದಳು, ಹಾಕಿದಳು, ಮತ್ತೆ ಬಿಚ್ಚಿದಳು. ಎರಡು ವರ್ಷದ ಓದು ಒಂದು ಕಡೆ, ಟಿಕೋಟಾದ ಅಂಗಡಿ ಒಂದು ಕಡೆ, ನಡುವೆ ನನ್ನ ಅನುಭವಸಂಪನ್ನ ಧ್ವನಿ. ಮೊದಲು ಮುದುಕಿಯ ಪದರನ್ನಷ್ಟೇ ಹೊರಳಿಸಿ ನೋಡಿದಳು. ಬಿಸಿಲು ತೂಬಿನ ಕಡೆಯಿಂದ ಬರುತ್ತಿದ್ದರೆ ಮುದುಕಿಯ ಮುಖಕ್ಕೆ ಬೇವಿನ ಮರದ ಕಡೆಯಿಂದ ಬೆಳಕು ಬಿತ್ತು.

"ಹಂಗಾರ ಪೂರಾ ಚಿತ್ರಾನಽ ಹೊಳ್ಳಸು" ಎಂದೆ.

ಒಂದು ಕೀಲಿ. ಮುದುಕಿಯ ಕುಡಗೋಲು ಬಲಗೈಗೆ ಬಂತು. ತೂಬು ಬಲಕ್ಕೆ ಹೋಯಿತು, ಬೇವಿನ ಮರ ಎಡಕ್ಕೆ ಬಂತು, ಸೂರ್ಯ ತನ್ನ ದಿಕ್ಕು ಬಿಟ್ಟು ಎದುರಿನ ದಿಕ್ಕಿನಲ್ಲಿ ಹುಟ್ಟಿದ. ಉತ್ತರವನ್ನು ಮೇಲಕ್ಕಿಟ್ಟು ಬದುಕಿದ ನಾನು ಕುಡಗೋಲೊಂದನ್ನೇ ನೋಡುತ್ತ, "ಈಗ ಸರಿ ಆತು" ಎಂದೆ.

ಪ್ರದರ್ಶನದ ದಿನ ಕಾಲೇಜಿನ ಹಾಲಿನಲ್ಲಿ ಆಳೆತ್ತರದ ಆ ಚಿತ್ರ ಎದುರಿನ ಗೋಡೆಯ ಮೇಲೆಯೇ ಇತ್ತು. ಅವಳ ತಂದೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಟಿಕೋಟಾದಿಂದ ಬಂದಿದ್ದರು. ಚಿತ್ರಕ್ಕೆ ತೀರ ಹತ್ತಿರ ಹೋಗಿ ಸೀರೆಯ ಮಡಿಕೆಗಳನ್ನು ನೋಡಿ ಬಂದು ಗೋಡೆಯ ಪಕ್ಕ ನಿಂತರು. ಪರೀಕ್ಷಕರು ಇಬ್ಬರು, ಒಬ್ಬರು ಗಂಡಸು, ಇನ್ನೊಬ್ಬರು ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡ ಹಿರಿಯ ಮೇಡಂ. ಆ ಮೇಡಂ ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಲಕ್ಷಣ ಚೆನ್ನಾಗಿತ್ತು.

ಅಷ್ಟರಲ್ಲಿ ಮಮದಾಪುರದಿಂದ ಆಯಿ ಬಂದಳು. ಹುಡುಗಿಯ ಅಜ್ಜಿಯ ಮನೆಯವರು ಕರೆತಂದಿದ್ದರು. ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಸೆರಗು ಸರಿಮಾಡಿಕೊಂಡು ತನ್ನ ಎದುರು ತಾನು ನಿಂತಳು. ಮೊದಲು ನಕ್ಕಳು. ನಗು ನಿಧಾನವಾಗಿ ಹೋಯಿತು.

"ಇದು ನಮ್ಮ ಕೆರಿ ಏನ ಮಗಳ?"

"ಹೌದ ಆಯಿ."

"ತೂಬು ಅತ್ತಾಗ ಯಾಕ ಹೋತು?" ಉತ್ತರಕ್ಕೆ ಕಾಯದೆ ಚಿತ್ರದ ಕೈಯ ಹತ್ತಿರ ಬೆರಳು ಒಯ್ದಳು. "ಮಾರಿ ನಂದಽ. ಸೀರಿ ನಂದಽ. ಆದ್ರ ಇಕಿ ನಾ ಅಲ್ಲ. ಇಕಿ ಕೈ ಬದಲ್ ಮಾಡ್ಯಾಳ."

ಮೇಡಂ ತಿರುಗಿ ನೋಡಿದರು. "ಏನಂತಾರೆ ಅಜ್ಜಿ?"

ಹುಡುಗಿ ಎಲ್ಲವನ್ನೂ ಹೇಳಿದಳು. ಎಡಗೈ, ಅತ್ತೆ, ನಿಡೋಣಿಯ ಕಂಬಾರ, ಸಾಣೆಯ ಮಗ್ಗುಲು. ಲ್ಯಾಪ್‌ಟಾಪು ತೆಗೆದು ಮೊದಲಿನ ಚಿತ್ರ ತೋರಿಸಿದಳು. ಮೇಡಂ ಕನ್ನಡಕ ಏರಿಸಿಕೊಂಡು ಅದನ್ನೂ ಗೋಡೆಯ ಚಿತ್ರವನ್ನೂ ಎರಡು ಮೂರು ಸಲ ನೋಡಿದರು.

"ಇದೇ ಅಲ್ವಾ ನಿಜವಾದ ಚಿತ್ರ? ಮತ್ತೆ ಯಾಕೆ ಹೊರಳಿಸಿದೆ?"

"ಹೆದರಿ ಮಾಡಿದ್ನಿರಿ ಮೇಡಂ. ನೋಡಿದವರು ತಪ್ಪಂತಾರ ಅಂತ."

"ಯಾರಾದರೂ ಹಾಗೆ ಮಾಡು ಅಂತ ಹೇಳಿದ್ರಾ?"

ನಾನು ಐದು ಹೆಜ್ಜೆ ದೂರದಲ್ಲಿದ್ದೆ. ಅವಳ ಕೋಣೆಯಲ್ಲಿ ಅಷ್ಟು ಸರಾಗವಾಗಿ ಹರಿದಿದ್ದ ಮಾತು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ಹೆಂಡತಿಯ ಮೊಣಕೈ ನನ್ನ ಪಕ್ಕೆಗೆ ತಾಗಿತು. ನಾನು ನೆಲದ ಫರಸಿಕಲ್ಲು ನೋಡಿದೆ.

"ಇಲ್ರಿ ಮೇಡಂ. ವಿಚಾರ ನಂದಽ" ಎಂದಳು ಅವಳು. ನನ್ನ ಕಡೆ ಕಣ್ಣು ಹೊರಳಿಸಲೂ ಇಲ್ಲ. ಹೊರಳಿಸಿದರೆ ಮೇಡಂ ಕಣ್ಣೂ ಅತ್ತಲೇ ಬರುತ್ತದೆಂದು ಅವಳಿಗೆ ಗೊತ್ತಿತ್ತು. ನೋಡುವವರ ಕಣ್ಣನ್ನು ಎಲ್ಲಿಗೆ ಒಯ್ಯಬೇಕು, ಎಲ್ಲಿಗೆ ಒಯ್ಯಬಾರದು ಎಂಬುದೇ ಅವಳು ನಾಲ್ಕು ವರ್ಷ ಕಲಿತ ವಿದ್ಯೆ.

ಗೋಡೆಯ ಮೇಲೆ ಇದ್ದದ್ದಕ್ಕೆ ಮಾತ್ರ ಅಂಕ ಕೊಡಬೇಕೆಂಬುದು ನಿಯಮವಂತೆ. ಮೇಡಂ ಅದನ್ನು ಬೇಸರದಿಂದಲೇ ಹೇಳಿದರು. ಗೋಡೆಯ ಮೇಲಿನದು ನಿಜವಾದದ್ದಲ್ಲವೆಂದು ಅವಳೇ ಒಪ್ಪಿಯಾಗಿತ್ತು. ಸೆಕೆಂಡ್ ಕ್ಲಾಸ್ ಬಂತು.

ಎರಡು ದಿನದಲ್ಲಿ ಅವಳು ಕೋಣೆ ಖಾಲಿ ಮಾಡಿದಳು. ಗೋಡೆಯ ಫೋಟೋಗಳನ್ನು ಒಂದೊಂದಾಗಿ ಬಿಡಿಸಿ ಜೋಡಿಸಿಕೊಂಡಳು. ಕೀಲಿ ಕೊಡುವಾಗ, "ಬರ್ತೀನ್ರಿ ಕಾಕಾ" ಎಂದು ಮೊದಲಿನ ದನಿಯಲ್ಲೇ ಹೇಳಿದಳು. ಅದಕ್ಕಿಂತ ಎರಡು ಮಾತು ಬೈದಿದ್ದರೆ ನನಗೆ ಆರಾಮಾಗುತ್ತಿತ್ತು.

ನಮ್ಮ ಮನೆಯಲ್ಲಿ ಒಂದು ವಾರ ಮಾತಿನ ಅಭಾವ ಉಂಟಾಯಿತು. "ಊಟಕ್ಕ ಬರ್ರಿ" ಎಂಬುದು ದಿನಕ್ಕೆರಡು ಸಲ ಪ್ರಕಟವಾಗುತ್ತಿದ್ದ ಏಕೈಕ ಸುತ್ತೋಲೆ. ಎಂಟನೆಯ ದಿನ ಹೆಂಡತಿ ನನ್ನ ಛತ್ರಿಯನ್ನು ತಂದು ಮುಂದಿಟ್ಟಳು.

"ಟಿಕೋಟಾಕ್ಕ ಹತ್ತೂವರಿಗೆ ಬಸ್ಸು ಅದ."

ಅಂಗಡಿ ಪೇಟೆಯ ನಡುವೆಯೇ ಇತ್ತು. ಅವಳ ತಂದೆ ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ಹೊಲಿಗೆ ಬಿಚ್ಚುತ್ತಿದ್ದರು. ನನ್ನನ್ನು ಕಂಡು ಎದ್ದು ಸ್ಟೂಲು ಒರೆಸಿ ಕೊಟ್ಟರು, ಚಹಾ ತರಿಸಿದರು. ಚಹಾ ಆರುವವರೆಗೆ ನಾನು ಮಳೆಯ ಬಗ್ಗೆ, ದ್ರಾಕ್ಷಿಯ ದರದ ಬಗ್ಗೆ ಅಭಿಪ್ರಾಯ ಮಂಡಿಸಿದೆ. ಕೊನೆಗೆ ಹೇಳಿದೆ. ಚಿತ್ರ ಹೊರಳಿಸಲು ಹೇಳಿದವನು ನಾನು, ಕೇಳಿದಾಗ ಬಾಯಿ ಬಿಡದವನೂ ನಾನೇ ಎಂದು.

"ಗೊತ್ತೈತ್ರಿ" ಎಂದರು.

"ಆಕಿ ಹೇಳಿದ್ಳೇನ್ರಿ?"

"ಇಲ್ರಿ. ಆಕಿ ಯಾಕ ಹೇಳ್ಯಾಳು. ಅವತ್ತ ಮೇಡಮ್ಮಾರು ಕೇಳಿದಾಗ ಎಲ್ಲಾರೂ ಆಕಿ ಮಾರಿ ನೋಡಾಕತ್ತಿದ್ರು. ನೀವೊಬ್ಬರಽ ನೆಲ ನೋಡಾಕತ್ತಿದ್ರಿ. ಕಣ್ಣ ಮಂಜಾಗ್ಯಾವ ಖರೆ, ಅಷ್ಟ ಕಾಣತೈತ್ರಿ." ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿ ತೆಗೆದಿಟ್ಟರು. "ನನ್ನ ಮುಂದ ಹೇಳಿದ್ರಿ, ಛಲೋ ಆತು. ಆಕಿ ಮುಂದ ಹೇಳೀರೇನ್ರಿ?"

ಹೇಳಿರಲಿಲ್ಲ. ಅವರು ಒಳಗೆ ನೋಡಿ ಕರೆದರು. ಅವಳು ದಾರ ಪೋಣಿಸಿದ ಸೂಜಿ ಹಿಡಿದುಕೊಂಡೇ ಬಂದಳು. ಅವಳ ಕಣ್ಣು ನೋಡಿ ಹೇಳಬೇಕೆಂದು ಬಸ್ಸಿನಲ್ಲಿ ತಾಲೀಮು ಮಾಡಿದ್ದೆ. ಸೂಜಿ ನೋಡಿ ಹೇಳಿದೆ.

"ತಪ್ಪು ನಂದು. ಅವತ್ತ ಅಲ್ಲೇ ಹೇಳಬೇಕಾಗಿತ್ತು. ಹೇಳಲಿಲ್ಲ."

"ಕಾಕಾ, ನೀವು ಮಾತ ಹೇಳಿದ್ರಿ. ಕೀಲಿ ಒತ್ತಿದಾಕಿ ನಾನು" ಎಂದಳು. ಸೂಜಿಯ ದಾರಕ್ಕೆ ಗಂಟು ಹಾಕುತ್ತ, "ಆಯಿ ಅಂದದ್ದು ಚಿತ್ರಕ್ಕಲ್ರಿ, ನನಗಽ ಅಂದಂಗಾತು. ಕೈ ಬದಲ್ ಮಾಡಿದಾಕಿ ನಾನಽ."

ನಾನು ತಂದೆಯ ಕಡೆ ತಿರುಗಿದೆ. ಆಕೆಯ ಫಸ್ಟ್ ಕ್ಲಾಸ್ ನನ್ನಿಂದ ಹೋಯಿತು, ಅದನ್ನು ಹಿಡಿದುಕೊಂಡು ಆಕೆಯನ್ನು ನಿಲ್ಲಿಸಬೇಡಿ ಎಂದೆ. ಬೇಡುವುದು ನನಗೆ ರೂಢಿಯಿಲ್ಲ, ಆದೇಶದ ಧಾಟಿಯಲ್ಲೇ ಬಂದಿರಬೇಕು. ಅವರು ನಕ್ಕರು.

"ಕ್ಲಾಸ್ ಅಂತ ನಾ ಯಾಕ ಅಂದಿದ್ನಿರಿ? ಚಿತ್ರ ನನಗ ತಿಳಿಯಾಂಗಿಲ್ಲ, ತಿಳಿದವರು ಅಳದು ಹೇಳಲಿ ಅಂತ. ಆಯಿಗಿಂತ ತಿಳಿದವರು ಯಾರ ಅದಾರ? ಮಾರಿ ನಂದಽ ಅಂದ್ಳು, ಸೀರಿ ನಂದಽ ಅಂದ್ಳು. ತೋಳು ಉಲ್ಟಾ ಹಚ್ಚಿದ್ರ ಹೊಲಿಗಿ ಬಿಚ್ಚಿ ಹಚ್ಚತೇವ್ರಿ ನಾವು. ಬಟ್ಟಿ ಒಗ್ಯಾಂಗಿಲ್ಲ." ಮಗಳ ಕಡೆ ನೋಡದೆಯೇ, "ಅರ್ಜಿ ಹಾಕ್ಕೊ. ಖರೇ ಚಿತ್ರ ಹಾಕು" ಎಂದರು.

ಅವಳು ಸೂಜಿಯನ್ನು ಪಿನ್ ದಿಂಬಿಗೆ ಚುಚ್ಚಿಟ್ಟು ಒಳಗೆ ಹೋದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಬೆನ್ನು ನೋಡಿ ಹೇಳುವಷ್ಟು ನಾನು ಇನ್ನೂ ಕಲಿತಿರಲಿಲ್ಲ.

ಎಡಗೈಯ ಮುದುಕಿಯನ್ನು ನೋಡಿಯೇ ಅವಳಿಗೆ ಬೇರೆ ಊರಿನ ಕಾಲೇಜಿನಲ್ಲಿ ಸೀಟು ಕೊಟ್ಟರೆಂದು ತಿಳಿಯಿತು. ಹೋಗಿ ಈಗ ಒಂದು ವರ್ಷವಾಯಿತು. ನಾನು ಪ್ರತಿ ಸೋಮವಾರ ಹತ್ತೂವರೆಯ ಬಸ್ಸಿಗೆ ಟಿಕೋಟಾಕ್ಕೆ ಹೋಗಿ ನಲವತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿ ಬರುತ್ತೇನೆ. ಅವರಿಗೆ ಒಂದು ವಾರಕ್ಕೆ ಸಾಕಾಗುತ್ತದೆ. ಇದನ್ನು ಯಾರೂ ನನಗೆ ವಿಧಿಸಲಿಲ್ಲ. ನನ್ನ ತಪ್ಪನ್ನು ಇನ್ನೊಬ್ಬರು ತಮ್ಮ ಮೇಲೆ ಹೊತ್ತುಕೊಂಡದ್ದು ನನ್ನ ಇಡೀ ಆಯುಷ್ಯದಲ್ಲಿ ಅದೊಂದೇ ಸಲ. ಹೀಗಿರುವಾಗ ಏನು ಮಾಡಬೇಕೆಂಬುದಕ್ಕೆ ಯಾವ ಕೈಪಿಡಿಯಲ್ಲೂ ಸೂಚನೆ ಇಲ್ಲ.

ಅವಳು ಈಗಲೂ ಬರೆದ ಚಿತ್ರವನ್ನು ಫೋನಿಗೆ ಕಳುಹಿಸುತ್ತಾಳೆ. ಅಷ್ಟೆಲ್ಲ ಆದ ಮೇಲೂ ನನಗೇ ಯಾಕೆ ಕಳುಹಿಸುತ್ತಾಳೋ ನನಗೆ ತಿಳಿದಿಲ್ಲ, ಕೇಳಿಯೂ ಇಲ್ಲ. ಯಾರು ಏನೆಂದಾರು ಎಂಬುದನ್ನು ಬಿಟ್ಟು, ನನ್ನ ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯುತ್ತೇನೆ. ಮೊನ್ನೆ ಒಂದು ಸೇತುವೆ ಬಂತು. ಅದರ ಮೇಲೆ ಹಕ್ಕಿಯ ತಲೆಯ ಜನ ಗಾಡಿ ಎಳೆದುಕೊಂಡು ಹೋಗುತ್ತಿದ್ದರು. ಮಧ್ಯಾಹ್ನವೆಲ್ಲ ನೋಡಿದೆ. "ಇವರು ಯಾರು, ಎಲ್ಲಿಗೆ ಹೊರಟಿದ್ದಾರೆ, ಒಂದೂ ತಿಳಿಯಲಿಲ್ಲ. ತಿಳಿಯಬೇಕೆಂದು ಇನ್ನೂ ನೋಡುತ್ತಿದ್ದೇನೆ. ಎರಡನೆಯ ಕಂಬ ನೀರಿನೊಳಗೆ ನಿಂತಿಲ್ಲ, ನೀರಿನ ಮೇಲೆ ಇಟ್ಟಂತಿದೆ" ಎಂದು ಬರೆದೆ.

ಅರ್ಧ ತಾಸಿನಲ್ಲಿ ಚಿತ್ರ ಮತ್ತೆ ಬಂತು. ಕಂಬ ನೀರಿಗಿಳಿದಿತ್ತು.